ಗಾಮಾ ನೈಫ್‌ಗೆ ಕಣ್ಣು ಬಂದ ಬಗೆ

ಹೆಸರಿನಲ್ಲಿ ಚಾಕು ಇದ್ದರೂ ಗಾಮಾ ನೈಫ್ ತಲೆಬುರುಡೆಯನ್ನು ತೆರೆಯುವುದಿಲ್ಲ. ಮಿದುಳಿನ ಗಡ್ಡೆಗೆ ವಿಕಿರಣ ಹಾಯಿಸುವ ಈ ಯಂತ್ರವನ್ನು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ ಮತ್ತು ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ರೂಪಿಸಿದರು. 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಯಂತ್ರ ಬಳಕೆಗೆ ಬಂತು. ಅದರಲ್ಲಿದ್ದದ್ದು ಕೋಬಾಲ್ಟ್-60ರ 179 ಆಕರಗಳು. ಬಿಡಿಯಾಗಿ ಪ್ರತಿ ಕಿರಣವೂ ದುರ್ಬಲ; ದಾರಿಯಲ್ಲಿ ಸಿಗುವ ಮಿದುಳಿಗೆ ಹೆಚ್ಚು ಹಾನಿ ಮಾಡದು. ಎಲ್ಲವೂ ಬಂದು ಕೂಡುವ ಬಿಂದುವಿನಲ್ಲಿ ಮಾತ್ರ ಬಲವಾದ ಪೆಟ್ಟು.

ಆ ಬಿಂದುವನ್ನು ಗುರುತಿಸುವುದೇ ಆಗಿನ ಕಷ್ಟ. ಎಕ್ಸ್‌ರೇಯಲ್ಲಿ ಬುರುಡೆಯ ಮೂಳೆ ಕಾಣುತ್ತಿತ್ತು, ಒಳಗಿನ ಮೆದು ಮಿದುಳು ಕಾಣುತ್ತಿರಲಿಲ್ಲ. ಮಿದುಳಿನ ಕುಳಿಗಳಿಗೆ ಗಾಳಿ ತುಂಬಿಸಿ ಚಿತ್ರ ತೆಗೆದು, ಕುಳಿ ಎತ್ತ ಸರಿದಿದೆ ಎಂಬುದರಿಂದ ಗಡ್ಡೆಯ ಜಾಗವನ್ನು ಊಹಿಸುತ್ತಿದ್ದರು. ಅದರಿಂದ ರೋಗಿಗೆ ಬರುತ್ತಿದ್ದ ತಲೆನೋವು ಭಯಂಕರ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮಹಿಳೆಯೊಬ್ಬರ ಮಿದುಳಿನ ಗಡ್ಡೆಯನ್ನು ತೋರಿಸಿಕೊಟ್ಟಿತು. ಆಮೇಲೆ ಎಂಆರ್‌ಐ ಬಂತು. ಗಡ್ಡೆಗಳ ಪಾಲಿಗೆ ಗಾಮಾ ನೈಫ್ ನಿಜವಾಗಿ ಹುಟ್ಟಿದ್ದು ಆಗಲೇ ಎನ್ನಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಯಂತ್ರವಿದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಾಲ್ಕು ಪಿನ್ನುಗಳಿಂದ ತಲೆಗೆ ಲೋಹದ ಚೌಕಟ್ಟು ಬಿಗಿಯುತ್ತಾರೆ. ಚೌಕಟ್ಟಿನ ಸಮೇತ ಎಂಆರ್‌ಐ ಆಗುತ್ತದೆ. ಚಿತ್ರದಲ್ಲಿ ಚೌಕಟ್ಟಿನ ಗುರುತುಗಳೂ ಮೂಡುವುದರಿಂದ ಗಡ್ಡೆಯ ಪ್ರತಿಯೊಂದು ಬಿಂದುವಿಗೂ ಅಳತೆಯ ವಿಳಾಸ ಸಿಗುತ್ತದೆ. ಪಕ್ಕದಲ್ಲೇ ದೃಷ್ಟಿನರವೋ ಮಿದುಳಕಾಂಡವೋ ಇದ್ದರೆ ಒಂದು ಮಿಲಿಮೀಟರ್ ತಪ್ಪಿದರೂ ಕಷ್ಟ.

ಸುಮಾರು 3 ಸೆಂ.ಮೀ. ಮೀರದ, ಅಂಚು ಸ್ಪಷ್ಟವಾಗಿರುವ ಗಡ್ಡೆಗಳಿಗೆ ಇದು ಹೊಂದುತ್ತದೆ. ಗ್ಲಿಯೋಬ್ಲಾಸ್ಟೋಮಾದಂಥವು ಸುತ್ತಲಿನ ಮಿದುಳಿಗೆ ಬೇರಿಳಿಸಿರುತ್ತವೆ. ಆ ಬೇರುಗಳು ಎಂಆರ್‌ಐಗೂ ಪೂರ್ತಿ ಕಾಣವು. ಹಾಗಾಗಿ ಕಂಡಷ್ಟರ ಸುತ್ತ ಒಂದಿಷ್ಟು ಅಂಚು ಸೇರಿಸಿಕೊಂಡು, ಮುಖಕ್ಕೆ ಪ್ಲಾಸ್ಟಿಕ್ ಮಾಸ್ಕ್ ಹಾಕಿ, ಸಾಮಾನ್ಯವಾಗಿ ಆರು ವಾರಗಳಲ್ಲಿ 60 ಗ್ರೇ ವಿಕಿರಣವನ್ನು 30 ಕಂತುಗಳಲ್ಲಿ ಲೀನಿಯರ್ ಆಕ್ಸಿಲರೇಟರ್‌ನಿಂದ ಕೊಡುತ್ತಾರೆ. ಇಲ್ಲಿ ಸಿ.ಟಿ. ಮತ್ತು ಎಂಆರ್‌ಐ ಎರಡೂ ಬೇಕು: ವಿಕಿರಣದ ಲೆಕ್ಕಕ್ಕೆ ಸಿ.ಟಿ., ಗಡ್ಡೆಯ ಗುರುತಿಗೆ ಎಂಆರ್‌ಐ.

ಚಿಕಿತ್ಸೆ ಮುಗಿದ ಮೇಲೂ ಚಿತ್ರಗಳ ಕೆಲಸ ಮುಗಿಯದು. ತಿಂಗಳುಗಳ ನಂತರ ಅದೇ ಜಾಗದಲ್ಲಿ ಬೆಳ್ಳಗೆ ಕಂಡದ್ದು ಮರಳಿ ಬಂದ ಗಡ್ಡೆಯೋ ವಿಕಿರಣದಿಂದ ಸತ್ತ ಅಂಗಾಂಶವೋ ಎಂದು ಅನುಭವಿ ವೈದ್ಯರೂ ತಡವರಿಸುವುದುಂಟು. ಆಗ ನೆರವಾಗುವುದು ಹಿಂದಿನ ಸ್ಕ್ಯಾನ್‌ಗಳ ಜೊತೆಗಿನ ಹೋಲಿಕೆ. ಮನೆಯಲ್ಲಿ ಇಂಥ ರೋಗಿ ಇದ್ದರೆ ಹಳೆಯ ಫಿಲ್ಮ್, ಸಿ.ಡಿ.ಗಳಲ್ಲಿ ಒಂದನ್ನೂ ಎಸೆಯಬೇಡಿ. ಪ್ರತಿ ಸಲವೂ ಎಲ್ಲವನ್ನೂ ಆಸ್ಪತ್ರೆಗೆ ಒಯ್ಯಿರಿ.