ಸಿಯಾಟಲ್ ಹಿತ್ತಲಿನ ಮಳೆ-ಚಳಿ

ಭೂಪಟದಲ್ಲಿ ಅಮೆರಿಕದ ಸಿಯಾಟಲ್ ಇರುವುದು ಕೆನಡಾದ ಕ್ವಿಬೆಕ್ ನಗರಕ್ಕಿಂತಲೂ ತುಸು ಉತ್ತರಕ್ಕೆ. ಜನವರಿಯಲ್ಲಿ ಕ್ವಿಬೆಕ್ಕಿನ ನೆಲ ಹೆಪ್ಪುಗಟ್ಟಿರುತ್ತದೆ. ಸಿಯಾಟಲ್ಲಿನ ಹಿತ್ತಲುಗಳಲ್ಲಿ ಕೇಲ್ ಸೊಪ್ಪು ಹಸಿರಾಗಿಯೇ ನಿಂತಿರುತ್ತದೆ. ಪೆಸಿಫಿಕ್ ಸಾಗರದಿಂದ ಬೀಸುವ ಪಡುವಣ ಗಾಳಿ ಕಡಲಿನ ಬಿಸುಪನ್ನು ಹೊತ್ತು ತರುತ್ತದೆ, ಮೂಡಣದ ಕ್ಯಾಸ್ಕೇಡ್ ಪರ್ವತಗಳು ಒಳನಾಡಿನ ಕೊರೆಯುವ ಗಾಳಿಗೆ ಬಹುಮಟ್ಟಿಗೆ ಅಡ್ಡ ನಿಲ್ಲುತ್ತವೆ. ಹೀಗಾಗಿ ಜನವರಿಯ ಹಗಲಿನಲ್ಲಿ ಸುಮಾರು 8 ಡಿಗ್ರಿ ಸೆಲ್ಸಿಯಸ್, ರಾತ್ರಿ 3 ಡಿಗ್ರಿ.

ಅಲ್ಲಿ ಗಿಡಗಳಿಗೆ ಚಳಿಗಿಂತ ದೊಡ್ಡ ಕೊರತೆ ಬೆಳಕಿನದು. ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಸಿಯಾಟಲ್ಲಿನಲ್ಲಿ ಎಂಟೂವರೆಯೂ ಇಲ್ಲ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಬರೇ 19 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡು ಮೀಟರ್ ಬೇಲಿಯ ನೆರಳು ಸುಮಾರು ಆರು ಮೀಟರ್ ಚಾಚುತ್ತದೆ. ಅಂದರೆ ಸಣ್ಣ ಹಿತ್ತಲೊಂದು ಪೂರ್ತಿ ನೆರಳಿಗೆ ಬಿತ್ತು. ಅದರ ಮೇಲೆ ಮೋಡ ಬೇರೆ. ಹಗಲು ಹತ್ತು ಗಂಟೆಗಿಂತ ಕಡಿಮೆಯಿರುವ, ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗಿನ ಅವಧಿಯಲ್ಲಿ ಬೆಳವಣಿಗೆ ನಿಂತೇ ಹೋಗುತ್ತದೆ ಎಂಬುದು ಅಲ್ಲಿನ ಕೈತೋಟಿಗರ ಲೆಕ್ಕ. ಹತ್ತು ಗಂಟೆ ಎಂಬುದು ಗಿಡದೊಳಗಿನ ಸ್ವಿಚ್ಚೇನೂ ಅಲ್ಲ, ಆದರೆ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಚಳಿಗಾಲದಲ್ಲಿ ತಿನ್ನಬೇಕಾದ ಕೇಲನ್ನು ಜುಲೈ ಬಿಸಿಲಲ್ಲೇ ಬಿತ್ತಿ, ಅಕ್ಟೋಬರಿನೊಳಗೆ ಆಳೆತ್ತರಕ್ಕಲ್ಲದಿದ್ದರೂ ಮೊಣಕಾಲೆತ್ತರಕ್ಕೆ ತರಬೇಕು. ಆಮೇಲೆ ತೋಟವೆಂದರೆ ಉಗ್ರಾಣ: ಬೇಕಾದಾಗ ಕೊಯ್ದುಕೊಳ್ಳುವುದಷ್ಟೇ.

ಈ ಉಗ್ರಾಣದ ಸೊಪ್ಪಿಗೆ ರುಚಿ ಹೆಚ್ಚು. ಚಳಿ ಬಿದ್ದಾಗ ಕೇಲ್, ಲೀಕ್, ಕ್ಯಾರೆಟ್‌ಗಳ ಜೀವಕೋಶಗಳಲ್ಲಿ ಸಕ್ಕರೆ ಸೇರುತ್ತದೆ. ಮಂಜುಗಡ್ಡೆ ಮೊದಲು ಕಟ್ಟುವುದು ಕೋಶಗಳ ನಡುವಿನ ಜಾಗದಲ್ಲಿ. ಅದು ಕೋಶದೊಳಗಿನ ನೀರನ್ನು ಹೀರಿ ತೆಗೆಯುತ್ತದೆ. ಸಕ್ಕರೆ ಆ ನೀರನ್ನು ಹಿಡಿದಿಟ್ಟುಕೊಂಡು ಕೋಶದ ಪೊರೆಯನ್ನು ಕಾಪಾಡುತ್ತದೆ. ಗಿಡ ತನ್ನ ಜೀವ ಉಳಿಸಿಕೊಳ್ಳಲು ಮಾಡಿದ್ದು ನಮ್ಮ ನಾಲಿಗೆಗೆ ಸಿಹಿ.

ಇನ್ನು ಮಳೆ. ವರ್ಷಕ್ಕೆ ಸುಮಾರು 1000 ಮಿಲಿಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದರೆ ಬಹುಪಾಲು ಸುರಿಯುವುದು ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಬಿಸಿಲಿಲ್ಲದ, ಗಿಡ ನೀರು ಕುಡಿಯದ ದಿನಗಳಲ್ಲಿ. ಬಿದ್ದ ನೀರು ಆವಿಯಾಗುವುದಿಲ್ಲ, ಮಣ್ಣಿನ ರಂಧ್ರಗಳಲ್ಲೇ ನಿಲ್ಲುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ ಬೇರಿಗೆ ಉಸಿರುಕಟ್ಟುತ್ತದೆ. ರೋಸ್‌ಮರಿ, ಲ್ಯಾವೆಂಡರ್ ಸತ್ತಾಗ ಚಳಿಯನ್ನು ಬೈಯುವವರೇ ಹೆಚ್ಚು. ಎಷ್ಟೋ ಸಲ ಕೊಂದದ್ದು ಬುಡದ ಜೌಗು. ನೀರು ಬಸಿದುಹೋಗಲೆಂದೇ ಏರುಮಡಿ ಮಾಡುವುದು. ಒದ್ದೆ ಮಣ್ಣನ್ನು ತುಳಿಯುವುದಂತೂ ಕೂಡದು, ರಂಧ್ರಗಳೆಲ್ಲ ಅಮುಕಿಹೋಗುತ್ತವೆ.

ಮಳೆ ಮಣ್ಣಿನ ಸಾರವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಸಾರಜನಕ ನೈಟ್ರೇಟ್ ರೂಪದಲ್ಲಿರುವಾಗ ಅದರದು ಋಣ ವಿದ್ಯುದಂಶ. ಜೇಡಿಯ ಕಣಗಳದ್ದೂ ಅದೇ. ಒಂದನ್ನೊಂದು ಹಿಡಿಯುವುದಿಲ್ಲ, ನೈಟ್ರೇಟ್ ನೀರಿನೊಂದಿಗೆ ಬೇರಿಗೆಟುಕದ ಆಳಕ್ಕೆ ಇಳಿದುಬಿಡುತ್ತದೆ. ಜೇಡಿಗೆ ಅಂಟಿಕೊಳ್ಳುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳೂ ವರ್ಷಾನುಗಟ್ಟಲೆ ಮಳೆಗೆ ಸವೆದು ಮಣ್ಣು ಹುಳಿಯಾಗುತ್ತದೆ. ಮಲೆನಾಡಿನ ತೋಟಗಳಿಗೆ ಸುಣ್ಣ ಹಾಕಿಸುವ ಕಾರಣವೇ ಅಲ್ಲಿಯೂ ಸುಣ್ಣ ಹಾಕಿಸುತ್ತದೆ. ಹುಳಿ ಮಣ್ಣನ್ನೇ ಬಯಸುವ ಬ್ಲೂಬೆರಿಗೆ ಮಾತ್ರ ಅದು ಬೇಡ.

ಸೆಪ್ಟೆಂಬರಿನಲ್ಲಿ ಖಾಲಿಯಾದ ಮಡಿಗಳಿಗೆ ಜಾಣರು ರೈ ಧಾನ್ಯದ ಅಥವಾ ಕೆಂಪು ಹೂವಿನ ಕ್ಲೋವರ್ ಗಿಡದ ಬೀಜ ಎರಚುತ್ತಾರೆ. ರೈ ಬೇರು ಜಾರುವ ನೈಟ್ರೇಟನ್ನು ಹಿಡಿದು ಒಡಲಿಗೆ ಸೇರಿಸಿಕೊಳ್ಳುತ್ತದೆ. ಕ್ಲೋವರ್ ಬೇರುಗಂಟಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೂ ಕೂಡಿಸುತ್ತದೆ. ವಸಂತದಲ್ಲಿ ಕಾಳುಕಟ್ಟುವ ಮೊದಲೇ ಇವನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ, ಕೊಳೆಯಲು ಕೆಲವು ವಾರ ಬಿಟ್ಟು, ಆಮೇಲೆ ಹೊಸ ಬೀಜ ಊರುತ್ತಾರೆ.