ಬೆಳೆ ವಿಮೆ ಮತ್ತು ಕೃಷಿಯಲ್ಲಿನ ನಷ್ಟಸಂಭವ: ರೈತರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಕರ್ನಾಟಕದ ಸಾಗುವಳಿ ಪ್ರದೇಶದ ಹೆಚ್ಚಿನ ಭಾಗವು ಮಳೆಯನ್ನೇ ಅವಲಂಬಿಸಿದೆ. ಮುಂಗಾರು ತಡವಾಗುವುದು, ಹೂ ಬಿಡುವ ಹಂತದಲ್ಲಿ ಮಳೆ ಕೈಕೊಡುವುದು, ಕೊಯ್ಲಿನ ವೇಳೆ ಅಕಾಲಿಕ ಮಳೆ ಸುರಿಯುವುದು, ಇವುಗಳಲ್ಲಿ ಯಾವುದೊಂದು ಸಂಭವಿಸಿದರೂ ಬೀಜ, ಗೊಬ್ಬರ ಮತ್ತು ಕೂಲಿಗಾಗಿ ಮಾಡಿದ ವೆಚ್ಚವು ಸಾಲವಾಗಿ ಉಳಿಯುತ್ತದೆ. ಇಂತಹ ಸಂದರ್ಭದಲ್ಲಿ ರೈತ ಕುಟುಂಬಕ್ಕೆ ಆರ್ಥಿಕ ಆಸರೆ ಒದಗಿಸುವುದೇ ಬೆಳೆ ವಿಮೆಯ ಉದ್ದೇಶವಾಗಿದೆ.

ದೇಶದಲ್ಲಿ 1985ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆಯೂ, 1999-2000ನೇ ಸಾಲಿನ ಹಿಂಗಾರಿನಿಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆಯೂ ಜಾರಿಗೆ ಬಂದವು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಕರ್ನಾಟಕದ ಆಯ್ದ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಲಾಯಿತು. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಜಾರಿಯಲ್ಲಿದ್ದು, ರಾಜ್ಯದಲ್ಲಿ ಇದನ್ನು ‘ಕರ್ನಾಟಕ ರೈತ ಸುರಕ್ಷಾ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ’ ಎಂದು ಕರೆಯಲಾಗುತ್ತದೆ.

ಯಾರು ನೋಂದಾಯಿಸಿಕೊಳ್ಳಬಹುದು

ಅಧಿಸೂಚಿತ ಪ್ರದೇಶದಲ್ಲಿ ಅಧಿಸೂಚಿತ ಬೆಳೆಯನ್ನು ಬೆಳೆಯುವ ಎಲ್ಲ ರೈತರೂ ಯೋಜನೆಗೆ ಅರ್ಹರು. 2020ರ ಮುಂಗಾರಿನವರೆಗೆ ಬೆಳೆ ಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿತ್ತು. ಆ ಹಂಗಾಮಿನಿಂದ ಎಲ್ಲರಿಗೂ ಇದು ಐಚ್ಛಿಕವಾಗಿದೆ. ಆದರೆ ಬೆಳೆ ಸಾಲ ಪಡೆದ ರೈತರು ವಿಮೆ ಬೇಡವೆಂದಾದಲ್ಲಿ, ನೋಂದಣಿಯ ಕೊನೆಯ ದಿನಾಂಕಕ್ಕೆ ಕನಿಷ್ಠ 7 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸತಕ್ಕದ್ದು. ತಿಳಿಸದಿದ್ದಲ್ಲಿ ವಿಮಾ ಕಂತನ್ನು ಸಾಲದ ಖಾತೆಯಿಂದ ಕಡಿತಗೊಳಿಸಲಾಗುತ್ತದೆ.

ರೈತರು ಪಾವತಿಸಬೇಕಾದ ಕಂತು

ಮುಂಗಾರಿನ ಆಹಾರ ಧಾನ್ಯ ಹಾಗೂ ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಗರಿಷ್ಠ ಶೇ. 2, ಹಿಂಗಾರಿನ ಬೆಳೆಗಳಿಗೆ ಶೇ. 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರಷ್ಟು ಕಂತನ್ನು ರೈತರು ಭರಿಸಬೇಕು. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ಅಡಿಕೆ, ಕಾಳುಮೆಣಸು, ದಾಳಿಂಬೆ ಮೊದಲಾದ ಬೆಳೆಗಳು ಹವಾಮಾನ ಆಧಾರಿತ ಯೋಜನೆಯ ವ್ಯಾಪ್ತಿಗೆ ಬರುತ್ತವೆ. ಈ ಯೋಜನೆಯಲ್ಲಿ ಪರಿಹಾರವು ಇಳುವರಿಯನ್ನಲ್ಲದೆ ಮಳೆ, ಉಷ್ಣಾಂಶ ಮೊದಲಾದ ಅಂಕಿಅಂಶಗಳನ್ನು ಅವಲಂಬಿಸಿರುತ್ತದೆ.

ಪರಿಹಾರ ನಿರ್ಧಾರವಾಗುವ ಬಗೆ

‘ನನ್ನ ಹೊಲದ ಬೆಳೆ ಪೂರ್ತಿ ಹಾಳಾಗಿದೆ, ಆದರೂ ಪರಿಹಾರ ಬಂದಿಲ್ಲ’ ಎಂಬ ದೂರು ಅನೇಕ ರೈತರದಾಗಿದೆ. ಯೋಜನೆಯು ಮುಖ್ಯವಾಗಿ ಕ್ಷೇತ್ರಾಧಾರಿತವಾಗಿರುವುದೇ ಇದಕ್ಕೆ ಕಾರಣ. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೂ, ಇತರ ಬೆಳೆಗಳಿಗೆ ಹೋಬಳಿಯನ್ನೂ ವಿಮಾ ಘಟಕವೆಂದು ಪರಿಗಣಿಸಲಾಗುತ್ತದೆ. ಆ ಘಟಕದಲ್ಲಿ ಬೆಳೆ ಕಟಾವು ಪ್ರಯೋಗಗಳನ್ನು ನಡೆಸಿ ಸರಾಸರಿ ಇಳುವರಿಯನ್ನು ಕಂಡುಕೊಳ್ಳಲಾಗುತ್ತದೆ. ಇದು ಖಾತರಿ ಇಳುವರಿಗಿಂತ ಕಡಿಮೆಯಾದಲ್ಲಿ ಘಟಕದ ಎಲ್ಲ ವಿಮಾದಾರರಿಗೂ ಒಂದೇ ಪ್ರಮಾಣದಲ್ಲಿ ಪರಿಹಾರ ದೊರೆಯುತ್ತದೆ. ಕಡಿಮೆಯಾಗದಿದ್ದಲ್ಲಿ, ಒಬ್ಬ ರೈತರ ಹೊಲದಲ್ಲಿ ಮಾತ್ರ ನಷ್ಟವಾಗಿದ್ದರೂ ಇಳುವರಿ ಆಧಾರಿತ ಪರಿಹಾರ ದೊರೆಯುವುದಿಲ್ಲ.

ಖಾತರಿ ಇಳುವರಿಯನ್ನು ಹಿಂದಿನ 7 ವರ್ಷಗಳ ಪೈಕಿ ಉತ್ತಮ 5 ವರ್ಷಗಳ ಸರಾಸರಿ ಇಳುವರಿಯನ್ನು, ಬೆಳೆಗೆ ನಿಗದಿಯಾದ ಶೇ. 70, 80 ಅಥವಾ 90ರ ನಷ್ಟ ಪರಿಹಾರ ಮಟ್ಟದಿಂದ ಗುಣಿಸಿ ನಿರ್ಧರಿಸಲಾಗುತ್ತದೆ.

ಉದಾಹರಣೆಗೆ, ಒಂದು ಬೆಳೆಯ ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಎಂದು ಭಾವಿಸೋಣ. ಮುಂಗಾರಿನಲ್ಲಿ ರೈತರ ಕಂತು 800 ರೂಪಾಯಿ. ಉತ್ತಮ 5 ವರ್ಷಗಳ ಸರಾಸರಿ 12.5 ಕ್ವಿಂಟಾಲ್, ನಷ್ಟ ಪರಿಹಾರ ಮಟ್ಟ ಶೇ. 80 ಆಗಿದ್ದಲ್ಲಿ ಖಾತರಿ ಇಳುವರಿ 10 ಕ್ವಿಂಟಾಲ್. ಆ ವರ್ಷದ ವಾಸ್ತವಿಕ ಇಳುವರಿ 6 ಕ್ವಿಂಟಾಲ್ ಆದರೆ ಕೊರತೆ 4 ಕ್ವಿಂಟಾಲ್, ಅಂದರೆ ಶೇ. 40. ಆಗ ಪರಿಹಾರವು ಹೆಕ್ಟೇರಿಗೆ 16,000 ರೂಪಾಯಿ ಆಗುತ್ತದೆ. ಇಳುವರಿ 10 ಕ್ವಿಂಟಾಲ್ ಅಥವಾ ಅದಕ್ಕಿಂತ ಹೆಚ್ಚಾದರೆ ಪರಿಹಾರ ಇರುವುದಿಲ್ಲ.

ಬೆಳೆ ಕಟಾವು ಪ್ರಯೋಗದ ಫಲಿತಾಂಶವೇ ಇಡೀ ಊರಿನ ಪರಿಹಾರವನ್ನು ನಿರ್ಧರಿಸುವುದರಿಂದ, ಪ್ರಯೋಗ ನಡೆಯುವ ದಿನ ಆಯ್ಕೆಯಾದ ಹೊಲದ ರೈತರು ತಪ್ಪದೆ ಹಾಜರಿರುವುದು ಹಾಗೂ ಅದಕ್ಕೆ ಮುಂಚೆ ಆ ತಾಕಿನ ಬೆಳೆಯನ್ನು ಕೊಯ್ಯದೆ ಇರುವುದು ಅವಶ್ಯಕ.

ಇತರ ಸಂದರ್ಭಗಳಲ್ಲಿ ದೊರೆಯುವ ಪರಿಹಾರ

1. ಬಿತ್ತನೆ ವೈಫಲ್ಯ: ಪ್ರತಿಕೂಲ ಹವಾಮಾನದಿಂದ ವಿಮಾ ಘಟಕದ ಶೇ. 75ಕ್ಕಿಂತ ಹೆಚ್ಚು ಪ್ರದೇಶದಲ್ಲಿ ಬಿತ್ತನೆ ಆಗದಿದ್ದಲ್ಲಿ ವಿಮಾ ಮೊತ್ತದ ಶೇ. 25ರಷ್ಟು ಪರಿಹಾರ ನೀಡಲಾಗುತ್ತದೆ. ಅಲ್ಲಿಗೆ ಆ ಹಂಗಾಮಿನ ವಿಮೆಯು ಮುಕ್ತಾಯವಾಗುತ್ತದೆ.

2. ಹಂಗಾಮಿನ ಮಧ್ಯದ ವಿಪತ್ತು: ತೀವ್ರ ಬರ ಅಥವಾ ಪ್ರವಾಹದಿಂದ ನಿರೀಕ್ಷಿತ ಇಳುವರಿಯು ಖಾತರಿ ಇಳುವರಿಯ ಶೇ. 50ಕ್ಕಿಂತ ಕಡಿಮೆಯಾಗುವ ಸಂಭವವಿದ್ದಲ್ಲಿ, ಅಂದಾಜು ಪರಿಹಾರದ ಶೇ. 25ರವರೆಗೆ ಮುಂಗಡವಾಗಿ ನೀಡಲು ಅವಕಾಶವಿದೆ. ಇದನ್ನು ಅಂತಿಮ ಪರಿಹಾರದಲ್ಲಿ ಹೊಂದಾಣಿಕೆ ಮಾಡಲಾಗುತ್ತದೆ.

3. ಸ್ಥಳ ನಿರ್ದಿಷ್ಟ ವಿಕೋಪ: ಆಲಿಕಲ್ಲು ಮಳೆ, ಭೂಕುಸಿತ, ಮುಳುಗಡೆ, ಮೇಘಸ್ಫೋಟ, ಸಿಡಿಲಿನಿಂದ ಉಂಟಾದ ಬೆಂಕಿ. ಇವುಗಳಲ್ಲಿ ನಷ್ಟವನ್ನು ಆಯಾ ರೈತರ ಹೊಲದಲ್ಲಿಯೇ ಅಂದಾಜಿಸಲಾಗುತ್ತದೆ. 2018ರ ನಂತರ ಭತ್ತಕ್ಕೆ ಮುಳುಗಡೆಯ ರಕ್ಷಣೆ ಇರಲಿಲ್ಲ. ಅದನ್ನು ಮತ್ತೆ ಸೇರಿಸುವುದಾಗಿಯೂ, ಕಾಡುಪ್ರಾಣಿಗಳ ಹಾವಳಿಯಿಂದಾಗುವ ನಷ್ಟವನ್ನು 2026ರ ಮುಂಗಾರಿನಿಂದ ಪರಿಗಣಿಸುವುದಾಗಿಯೂ ಕೇಂದ್ರ ಸರ್ಕಾರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಯಾವ ಪ್ರದೇಶಕ್ಕೆ ಇವು ಅನ್ವಯಿಸುತ್ತವೆ ಎಂಬುದನ್ನು ರಾಜ್ಯದ ಅಧಿಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು.

4. ಕಟಾವಿನ ನಂತರದ ನಷ್ಟ: ಒಣಗಲೆಂದು ಹೊಲದಲ್ಲಿ ಹರಡಿದ ಬೆಳೆಯು ಕಟಾವಾದ 14 ದಿನಗಳೊಳಗೆ ಚಂಡಮಾರುತ, ಆಲಿಕಲ್ಲು ಅಥವಾ ಅಕಾಲಿಕ ಮಳೆಯಿಂದ ಹಾಳಾದಲ್ಲಿ.

ಮೇಲಿನ 3 ಮತ್ತು 4ನೇ ಸಂದರ್ಭಗಳಲ್ಲಿ ನಷ್ಟವಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸುವುದು ಕಡ್ಡಾಯ. ಸಹಾಯವಾಣಿ 14447 ಅಥವಾ ಬೆಳೆ ವಿಮೆ ಆ್ಯಪ್ ಮೂಲಕವೂ ತಿಳಿಸಬಹುದು. ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು, ಹಾನಿಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಹಾಗೂ ಪರಿಶೀಲನೆ ಮುಗಿಯುವವರೆಗೆ ಹಾನಿಯಾದ ಬೆಳೆಯನ್ನು ತೆರವುಗೊಳಿಸದಿರುವುದು ಒಳ್ಳೆಯದು.

ನೋಂದಣಿಗೆ ಬೇಕಾದ ದಾಖಲೆಗಳು

ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ಬ್ಯಾಂಕ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಬಹುದು. ರಾಜ್ಯದ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ಕಂತಿನ ಮೊತ್ತ ಮತ್ತು ಅರ್ಜಿಯ ಸ್ಥಿತಿಯನ್ನು ನೋಡಬಹುದು. ಕೊನೆಯ ದಿನಾಂಕವು ಬೆಳೆಯಿಂದ ಬೆಳೆಗೆ ಬೇರೆಯಾಗಿರುವುದರಿಂದ ಪ್ರತಿ ಹಂಗಾಮಿನಲ್ಲಿಯೂ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

ಅರ್ಜಿ ತಿರಸ್ಕೃತವಾಗುವ ಸಾಮಾನ್ಯ ಕಾರಣಗಳು

ಒಂದು ಬೆಳೆಗೆ ವಿಮೆ ಮಾಡಿಸಿ ಹೊಲದಲ್ಲಿ ಬೇರೊಂದು ಬೆಳೆ ಬಿತ್ತುವುದು ತಿರಸ್ಕಾರಕ್ಕೆ ಒಂದು ಪ್ರಮುಖ ಕಾರಣ. ತೊಗರಿಗೆ ಕಂತು ಕಟ್ಟಿ ಹೆಸರು ಬಿತ್ತಿದ್ದಲ್ಲಿ, ಬೆಳೆ ಸಮೀಕ್ಷೆಯ ದಾಖಲೆಗೂ ವಿಮಾ ಅರ್ಜಿಗೂ ತಾಳೆಯಾಗುವುದಿಲ್ಲ. ಆದುದರಿಂದ ಬೆಳೆ ಬದಲಾದಲ್ಲಿ ನಿಗದಿತ ಅವಧಿಯೊಳಗೆ ಬ್ಯಾಂಕಿಗೆ ತಿಳಿಸಬೇಕು. ಸಮೀಕ್ಷೆಯಲ್ಲಿ ತಪ್ಪು ಬೆಳೆ ನಮೂದಾಗಿದೆಯೇ ಎಂಬುದನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಪರಿಶೀಲಿಸಿ, ತಪ್ಪಿದ್ದಲ್ಲಿ ಕೂಡಲೇ ಆಕ್ಷೇಪಣೆ ಸಲ್ಲಿಸಬೇಕು. ಸರ್ವೆ ನಂಬರ್ ತಪ್ಪಾಗಿರುವುದು ಮತ್ತು ಖಾತೆಗೆ ಆಧಾರ್ ಜೋಡಣೆಯಾಗದಿರುವುದು ಸಹ ಹಣ ಜಮೆಯಾಗಲು ಅಡ್ಡಿಯಾಗುತ್ತವೆ.

ಪ್ರಕೃತಿ ವಿಕೋಪದ ಸಂದರ್ಭದಲ್ಲಿ ಸರ್ಕಾರವು ನೀಡುವ ಇನ್‌ಪುಟ್ ಸಬ್ಸಿಡಿಯೇ ಬೇರೆ, ವಿಮಾ ಪರಿಹಾರವೇ ಬೇರೆ. ಮೊದಲನೆಯದು ಕಂತು ಕಟ್ಟದವರಿಗೂ ಅರ್ಹತೆಯಂತೆ ದೊರೆಯುವ ನೆರವು. ಎರಡನೆಯದು ಕಂತು ಕಟ್ಟಿದವರಿಗೆ ಮಾತ್ರ ಸಲ್ಲುವ ಹಕ್ಕು.

ವಿಮೆಯ ಜೊತೆಗೆ ಕೈಗೊಳ್ಳಬೇಕಾದ ಮುನ್ನೆಚ್ಚರಿಕೆಗಳು

ವಿಮೆಯು ನಷ್ಟದ ಒಂದು ಭಾಗವನ್ನು ಮಾತ್ರ ತುಂಬಿಕೊಡುತ್ತದೆ. ನಷ್ಟವೇ ಕಡಿಮೆಯಾಗುವಂತೆ ಬೇಸಾಯವನ್ನು ಯೋಜಿಸಿಕೊಳ್ಳುವುದು ಅಷ್ಟೇ ಮುಖ್ಯ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬೆಳೆಯುವ ಪದ್ಧತಿಯು ಹಿರಿಯರು ಕಂಡುಕೊಂಡ ರಕ್ಷಣೆಯೇ ಆಗಿದೆ. ಒಂದು ಬೆಳೆ ಕೈಕೊಟ್ಟರೂ ಮತ್ತೊಂದು ಕೈಹಿಡಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬದು ನಿರ್ಮಿಸಿ ಬಿತ್ತುವುದು, ಕೃಷಿ ಹೊಂಡದಲ್ಲಿ ಮಳೆ ನೀರು ಹಿಡಿದಿಟ್ಟು ಒಣಹವೆಯ ಅವಧಿಯಲ್ಲಿ ಒಂದೆರಡು ಬಾರಿ ಹಾಯಿಸುವುದು, ಮಳೆ ತಡವಾದಾಗ ಅಲ್ಪಾವಧಿ ತಳಿಗಳನ್ನು ಆರಿಸುವುದು, ಬೀಜೋಪಚಾರ ಮಾಡುವುದು ಹಾಗೂ ಹೈನುಗಾರಿಕೆ, ಕುರಿ ಸಾಕಣೆಗಳನ್ನು ಉಪಕಸುಬಾಗಿ ಇಟ್ಟುಕೊಳ್ಳುವುದು ಕುಟುಂಬದ ಆದಾಯವು ಒಂದೇ ಮಳೆಯ ಮೇಲೆ ನಿಲ್ಲದಂತೆ ನೋಡಿಕೊಳ್ಳುತ್ತವೆ.

ರೈತ ಬಾಂಧವರು ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ತೋಟಗಾರಿಕೆ ಬೆಳೆಗಳಿಗೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸಬಹುದು. ಕಂತು ಪಾವತಿಸಿದ ರಸೀದಿಯನ್ನು ಪರಿಹಾರದ ಹಣ ಜಮೆಯಾಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.