ಪಾಠ ಟಿಪ್ಪಣಿಗಳ ತಿದ್ದುಪಡಿಗೆ ಸ್ಪ್ರೆಡ್‌ಶೀಟ್

ಬೋಧನಾಭ್ಯಾಸಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಹಂಚಿಕೊಳ್ಳುವ ಪಾಠ ಟಿಪ್ಪಣಿಗಳಲ್ಲಿ ಹಳೆಯ ಮಾಹಿತಿ ಉಳಿದುಬಿಡುತ್ತದೆ. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯ 5ನೇ ತಾಲ್ಲೂಕಾಗಿದೆ. ಟಿಪ್ಪಣಿಯಲ್ಲಿ 4 ಎಂದೇ ಇದ್ದರೆ ಹನೂರಿನ ಮಗುವಿಗೆ ತನ್ನ ತಾಲ್ಲೂಕೇ ಪಾಠದಲ್ಲಿ ಸಿಗದು. ವಿಜ್ಞಾನದಲ್ಲೂ ಹೀಗೆಯೇ: 2019ರ ಮೇ 20ರಿಂದ ಕಿಲೋಗ್ರಾಂಗೆ ಆಧಾರ ಲೋಹದ ತೂಕದ ಬಟ್ಟಲ್ಲ, ಪ್ಲಾಂಕ್ ಸ್ಥಿರಾಂಕ.

ತಿದ್ದುಪಡಿಯನ್ನು ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಪ್ರತಿ ಕೋರಿಕೆಗೂ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲಿರಲಿ: ದಿನಾಂಕ, ಪಾಠ, ಈಗಿರುವ ವಾಕ್ಯ, ಆಗಬೇಕಾದ ವಾಕ್ಯ, ಆಧಾರ, ಹೊಣೆ, ಸ್ಥಿತಿ. ಆಧಾರದ ಕಲಂ ಖಾಲಿಯಿದ್ದರೆ ತಿದ್ದಬಾರದು. ಸ್ಥಿತಿಗೆ ‘ಬಂದಿದೆ’, ‘ಪರಿಶೀಲನೆಯಲ್ಲಿದೆ’, ‘ಮುಗಿದಿದೆ’ ಎಂಬ 3 ಪದಗಳನ್ನಷ್ಟೇ ಬಳಸಿದರೆ, ಫಿಲ್ಟರ್ ಹಾಕಿ ಬಾಕಿ ಉಳಿದವನ್ನು ನೋಡಬಹುದು. ಟಿಪ್ಪಣಿ ತಿದ್ದಿ, ಹಳೆಯ ಪ್ರತಿ ಇಟ್ಟುಕೊಂಡವರಿಗೂ ತಿಳಿಸಿದ ಮೇಲೆಯೇ ‘ಮುಗಿದಿದೆ’ ಎಂದು ಬರೆಯಬೇಕು.